ನಾಣ್ಯದಿಂದ ಶುರು ಮಾಡಿ

ನಮಸ್ಕಾರ,

ಇಟಲಿಯ ವಾಸ್ತುಶಿಲ್ಪಿ ಪಿರ್ರೋ ಲಿಗೋರಿಯೋ 1561ರಲ್ಲಿ ಹೊರತಂದ ಪ್ರಾಚೀನ ರೋಮಿನ ನಕ್ಷೆ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ರೆನೆಸಾನ್ಸ್ ಅಂದರೇನು ಅನ್ನುವುದು ಶಾಲೆಯಲ್ಲೇ ಓದಿದ್ದೇವೆ. ನಿಮ್ಮ ಲೇಖನ ಹುಟ್ಟುವುದು ಮೂರನೇ ಪುಟದಲ್ಲಿ. ಹಳೇ ನಾಣ್ಯದ ಹಿಂಬದಿಯಲ್ಲಿ ಉಗುರಿನಷ್ಟಿದ್ದ ಚಿತ್ರ ನೋಡಿ ಆತ ನಕ್ಷೆಯಲ್ಲಿ ಇಡೀ ಕಟ್ಟಡವನ್ನೇ ಎಬ್ಬಿಸಿದ ಅಂತ ಬರೆದಿದ್ದೀರಲ್ಲ, ಅಲ್ಲಿ. ಅಷ್ಟು ಒಳ್ಳೆಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿ ಓಡಿದ್ದೀರಿ. ಏನು ಅವಸರವಿತ್ತು?

ಆತ ಬೀದಿಗಿಳಿದರೆ ಕಾಣುತ್ತಿದ್ದ ರೋಮ್ ಯಾವುದು ಅಂತ ಹೇಳಿ. ಪ್ರಾಚೀನ ರೋಮಿನ ಮುಖ್ಯ ಚೌಕವಾದ ಫೋರಂ ಇದ್ದ ಜಾಗಕ್ಕೆ ಜನ ಆಗ ಇಟ್ಟ ಹೆಸರು ಕಾಂಪೋ ವಾಚ್ಚೀನೋ, ಅಂದರೆ ದನದ ಬಯಲು. ಕೋಟೆಗೋಡೆಯ ಒಳಗೇ ದ್ರಾಕ್ಷಿತೋಟಗಳಿದ್ದವು, ಹಳೇ ಕಲ್ಲು ಕಿತ್ತು ಹೊಸ ಕಟ್ಟಡಗಳಿಗೆ ಸಾಗಿಸುತ್ತಿದ್ದರು, ಆದರೆ ಆತನ ನಕ್ಷೆಯ 12 ತಾಮ್ರದ ಅಚ್ಚಿನ ತಗಡುಗಳಲ್ಲಿ ಮಾತ್ರ ಹುಡುಕಿದರೂ ಒಂದು ಖಾಲಿ ಸೈಟು ಸಿಗುವುದು ಕಷ್ಟ! ಗೊತ್ತಿಲ್ಲದ ಕಡೆಯೆಲ್ಲ ಊಹಿಸಿ ತುಂಬಿಸಿದ್ದಾನೆ. ಇದನ್ನು ನೀವು ಐದು ಕಡೆ 'ನಿಖರ' ಅಂದಿದ್ದೀರಿ. ಅಳತೆ ಮಾಡಿ ಬರೆದದ್ದು ಬೇಕಿದ್ದರೆ ಬುಫಾಲಿನಿ ಅನ್ನುವವನು 1551ರಲ್ಲಿ ತಂದ ರೋಮ್ ನಕ್ಷೆ ಇದೆ. ಅದನ್ನೂ ನೀವು ತಾಮ್ರದ ಕೆತ್ತನೆ ಅಂತಲೇ ಸೇರಿಸಿಬಿಟ್ಟಿದ್ದೀರಿ. ಅದು ಮರದ ಅಚ್ಚು. ಮರದಲ್ಲಿ ಗೆರೆ ಉಳಿಸಿಕೊಂಡು ಸುತ್ತಲಿನದನ್ನು ಕೆತ್ತಿ ತೆಗೆಯುತ್ತಾರೆ. ತಾಮ್ರದಲ್ಲಿ ಗೆರೆಯನ್ನೇ ಕೊರೆದು, ಮಸಿ ತುಂಬಿ, ಮೇಲೆ ಉಳಿದದ್ದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತುತ್ತಾರೆ. ಅಕ್ಷರವೆಲ್ಲ ಉಲ್ಟಾ ಕೊರೆಯಬೇಕು. ಆ ಪುಟ್ಟ ಪುಟ್ಟ ಹೆಸರುಗಳನ್ನು ನೋಡಿದರೆ ನನಗೇ ಕಣ್ಣು ನೋಯುತ್ತದೆ.

ಇನ್ನೊಂದು ತಪ್ಪು ದೊಡ್ಡದು. ಲಿಗೋರಿಯೋ ಅಮೃತಶಿಲೆಯ ನಕ್ಷೆ ನೋಡಿಕೊಂಡು ಬರೆದ ಅಂದಿದ್ದೀರಿ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಾಲದ ಆ ಕಲ್ಲಿನ ನಕ್ಷೆಯ ಚೂರುಗಳು ಸಿಕ್ಕಿದ್ದೇ 1562ರಲ್ಲಿ. ಅಷ್ಟರಲ್ಲಿ ಇವನದು ಅಚ್ಚಾಗಿ ಹೋಗಿತ್ತು. ಅವುಗಳನ್ನು ಬಳಸಿಕೊಂಡವನು ಫ್ರೆಂಚ್ ಕೆತ್ತನೆಗಾರ ದ್ಯುಪೆರಾಕ್, 1574ರ ತನ್ನ ನಕ್ಷೆಯಲ್ಲಿ. ಪಾಪ, ಲಿಗೋರಿಯೋಗೆ ಒಂದೇ ವರ್ಷದಲ್ಲಿ ತಪ್ಪಿಹೋಯಿತು, ಅಲ್ವಾ? ನೀವು ತಪ್ಪು ಬರೆದ ಜಾಗದಲ್ಲೇ ಇದಕ್ಕಿಂತ ಒಳ್ಳೆಯ ಕತೆ ಇತ್ತು.

ನಾಣ್ಯದಿಂದ ಶುರು ಮಾಡಿ, 1562ರಲ್ಲಿ ಸಿಕ್ಕ ಆ ಚೂರುಗಳ ಹತ್ತಿರ ನಿಲ್ಲಿಸಿ. 800 ಪದ ಸಾಕು, ಜಾಸ್ತಿ ಬೇಡ. ತಿದ್ದಿ ಕಳಿಸಿ, ಕಾಯುತ್ತೇನೆ.