ಹತ್ತು ಸಾವಿರ ಹೆಜ್ಜೆ ತುಂಬಿಸಲೇಬೇಕೇ?

ಪ್ರಶ್ನೆ: ನನಗೆ 54 ವರ್ಷ. ಬೆಂಗಳೂರಿನಲ್ಲಿರುವ ಮಗ ಹೆಜ್ಜೆ ಎಣಿಸುವ ವಾಚ್ ಕೊಡಿಸಿದ್ದಾನೆ. ಯಾರು ಎಷ್ಟು ನಡೆದರು ಎಂದು ಮನೆಮಂದಿಯೆಲ್ಲ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ. ಸೊಸೆಯದು ಹನ್ನೆರಡು ಸಾವಿರ. ದಿನವಿಡೀ ತೋಟ, ಹಟ್ಟಿ ಎಂದು ಓಡಾಡಿದರೂ ನನ್ನದು ಆರು ಸಾವಿರ ದಾಟುವುದಿಲ್ಲ. ಊಟವಾದ ಮೇಲೆ ಚಾವಡಿಯಲ್ಲಿ ಅತ್ತಿತ್ತ ನಡೆದು ಹತ್ತು ಸಾವಿರ ತುಂಬಿಸುತ್ತೇನೆ. ಈಗ ಎಡ ಮೊಣಕಾಲು ನೋಯುತ್ತಿದೆ. ಬಿಟ್ಟರೆ ಸೋತಂತೆ ಅನಿಸುತ್ತದೆ.
– ಓದುಗರು, ಬದಿಯಡ್ಕ

ಉತ್ತರ: ಚಾವಡಿಯ ನಡಿಗೆಯನ್ನು ಇವತ್ತೇ ನಿಲ್ಲಿಸಿ, ಮೊಣಕಾಲನ್ನು ವೈದ್ಯರಿಗೆ ತೋರಿಸಿ. ಊತವಿದ್ದರೆ ತಡಮಾಡಬೇಡಿ. ಕುಕ್ಕರುಗಾಲಿನಲ್ಲಿ ಕುಳಿತು ಅಡಿಕೆ ಹೆಕ್ಕುವ ಅಭ್ಯಾಸವಿದ್ದರೆ ಅದನ್ನೂ ಹೇಳಿ.

ನಿಮ್ಮ ವಾಚ್ ಕಾಲನ್ನು ನೋಡುವುದಿಲ್ಲ, ಕೈಯ ಚಲನೆಯಿಂದ ಹೆಜ್ಜೆಯನ್ನು ಊಹಿಸುತ್ತದೆ. ಸೊಪ್ಪಿನ ಹೊರೆಯನ್ನು ತಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಗುಡ್ಡೆ ಇಳಿಯುವಾಗ ಕೈ ಬೀಸುವುದೇ ಇಲ್ಲ. ಆಗ ಇಟ್ಟ ಹೆಜ್ಜೆಗಳಲ್ಲಿ ಎಷ್ಟೋ ಲೆಕ್ಕಕ್ಕೆ ಸಿಗುವುದಿಲ್ಲ, ಹೊರೆಯ ಭಾರವಂತೂ ಅದಕ್ಕೆ ತಿಳಿಯದು. ಬಾವಿಯಿಂದ ನೀರು ಸೇದಿದ್ದೂ ಅಷ್ಟೇ. ಆರು ಸಾವಿರ ಎಂಬುದು ನಿಮ್ಮ ದಿನದ ಒಂದು ಪಾಲು ಮಾತ್ರ.

ಹತ್ತು ಸಾವಿರ ಎಂಬ ಗುರಿಯೂ ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟು ಮಾರಿತು. ಆ ಅಂಕಿಯೇ ಲೋಕವೆಲ್ಲ ಹಬ್ಬಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷ ವಯಸ್ಸಿನ 16 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲೇ, ತೀರಾ ಕಡಿಮೆ ನಡೆಯುವವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಹೆಜ್ಜೆಯ ಲೆಕ್ಕ ಕೇಳುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ, ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಉಸಿರೇರುವ ಶ್ರಮ ಇರಲಿ ಎನ್ನುತ್ತದೆ. ತೋಟದ ಕೆಲಸವೂ ಅದರಲ್ಲಿ ಸೇರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ‘ಸೋತಂತೆ’ ಎಂಬ ಮಾತು. ಮಗ ಅಕ್ಕರೆಯಿಂದಲೇ ಕೊಡಿಸಿದ್ದಾನೆ. ಆದರೆ ದಿನವೂ ಅಂಕಿಗಳನ್ನು ಸಾಲಾಗಿ ಇಟ್ಟಾಗ ಅಕ್ಕರೆಯ ಜಾಗಕ್ಕೆ ಹೋಲಿಕೆ ಬಂದು ಕೂರುತ್ತದೆ, ನೋವನ್ನು ಬಾಯಿಬಿಟ್ಟು ಹೇಳಲೂ ಸಂಕೋಚವಾಗುತ್ತದೆ. ಮೊಣಕಾಲಿನ ವಿಷಯ ಅವನಿಗೆ ಇವತ್ತೇ ತಿಳಿಸಿ. ವಾಚ್‌ನ ಗುರಿಯನ್ನು ಇಳಿಸಲು ಬರುತ್ತದೆ, ಅವನೇ ಫೋನಿನಲ್ಲಿ ಹೇಳಿಕೊಟ್ಟಾನು. ದೀಪಾವಳಿಗೆ ಊರಿಗೆ ಬಂದಾಗ ವಾಚನ್ನು ಅವನ ಕೈಗೆ ಕಟ್ಟಿ, ಬೆಳಗ್ಗೆ ತೋಟಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ವಾಪಸು ಬರುವಾಗ ಸೊಪ್ಪಿನ ಹೊರೆ ಅವನ ತಲೆಯ ಮೇಲಿರಲಿ.