ಆಪ್ತಸಲಹೆ ಪ್ರಕರಣ: ಡೇ ಕೇರ್ ಸೇರಿದಂದಿನಿಂದ ಮಗುವಿಗೆ ಬಿಡದ ಶೀತ-ಜ್ವರ

ಮಳೆಗಾಲ ಮುಗಿಯುತ್ತಾ ಬಂದಿದ್ದ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ಮಂಗಳೂರಿನ ನನ್ನ ಸಲಹಾ ಕೊಠಡಿಗೆ 31 ವರ್ಷದ ತಾಯಿಯೊಬ್ಬರು ಬಂದರು. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಗಂಡನದು ಮಾರಾಟ ವಿಭಾಗದ ಉದ್ಯೋಗವಾದ್ದರಿಂದ ವಾರದಲ್ಲಿ ಮೂರು ದಿನ ಕುಂದಾಪುರ, ಭಟ್ಕಳದ ಕಡೆಗೆ ಓಡಾಟ. ಇವರಿಗೆ ಒಬ್ಬಳೇ ಮಗಳು. ಜೂನ್ 2ರಂದು, ಹದಿನಾಲ್ಕು ತಿಂಗಳು ತುಂಬಿದಾಗ, ಅವಳನ್ನು ಮನೆಯ ಹತ್ತಿರದ ಡೇ ಕೇರ್‌ಗೆ ಸೇರಿಸಿದ್ದರು. ಈ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರ ಮೊದಲ ಮಾತು ಇದು: "ಮೇಡಂ, ಮಗು ಒಂದು ವಾರ ಸರಿ ಇದ್ದದ್ದನ್ನು ನಾನು ನೋಡಲೇ ಇಲ್ಲ. ಒಂದು ಹೋಗುವಾಗ ಇನ್ನೊಂದು ಬರುತ್ತದೆ. ನಾನು ಕೆಲಸ ಬಿಡಬೇಕಾ ಹೇಳಿ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಡೇ ಕೇರ್‌ಗೆ ಹೊಸದಾಗಿ ಹೋಗುವ ಮಕ್ಕಳಿಗೆ ಮೊದಲ ವರ್ಷ ಎಂಟರಿಂದ ಹನ್ನೆರಡು ಬಾರಿ ಶೀತ-ಕೆಮ್ಮು ಬರುವುದು ಅಸಹಜವಲ್ಲ ಎಂಬುದು ಗೊತ್ತಿದ್ದುದರಿಂದ, ಅವರು ಮಾತು ಮುಗಿಸುವ ಮೊದಲೇ "ಇದೆಲ್ಲ ಸಹಜ, ಹೆದರಬೇಡಿ" ಎಂದುಬಿಟ್ಟೆ. ಅವರು ತಲೆಯಾಡಿಸಿ ಸುಮ್ಮನಾದರು. ಮುಂದಿನ ಇಪ್ಪತ್ತು ನಿಮಿಷ ಕೇಳಿದ್ದಕ್ಕೆ ಮಾತ್ರ ಉತ್ತರ ಬಂತು. ಇದೇ ಮಾತನ್ನು ಡಾಕ್ಟರು, ಆಫೀಸಿನ ಗೆಳತಿಯರು, ಡೇ ಕೇರ್‌ನ ಟೀಚರ್ ಎಲ್ಲರೂ ಹೇಳಿಯಾಗಿತ್ತು. ನಿದ್ದೆಯಿಲ್ಲದ ರಾತ್ರಿಗಳನ್ನು ಎಣಿಸುತ್ತಾ ಬಂದವರಿಗೆ ಅದು ಸಮಾಧಾನದ ಮಾತಾಗಿ ಕೇಳುವುದಿಲ್ಲ. ಎದ್ದು ಹೋಗಿ ಎಂದಂತೆಯೇ ಕೇಳುತ್ತದೆ.

ಹೊರಡುವ ಹೊತ್ತಿಗೆ ಅವರು ಸುರುಳಿ ಸುತ್ತಿ ತಂದಿದ್ದ ಗೋಡೆಯ ಕ್ಯಾಲೆಂಡರನ್ನು ಚೀಲದಿಂದ ಹೊರತೆಗೆದರು. ಸಂಕಷ್ಟಿ, ಏಕಾದಶಿ, ಹಾಲಿನ ಲೆಕ್ಕಗಳ ನಡುವೆ ನೀಲಿ ಪೆನ್ನಿನ ಗುರುತುಗಳಿದ್ದವು. ರಜಾದಿನಗಳು ಮೊದಲೇ ಕೆಂಪಾಗಿರುವುದರಿಂದ ನೀಲಿ ಬಳಸಿದೆ ಎಂದರು. ಲೆಕ್ಕಪತ್ರ ನೋಡುವವರ ಅಚ್ಚುಕಟ್ಟುತನ! ಸುತ್ತಿದ ಮೂಲೆಗಳ ಮೇಲೆ ನನ್ನ ನೀರಿನ ಬಾಟಲಿಯನ್ನೂ ಅವರ ಮೊಬೈಲನ್ನೂ ಇಟ್ಟು ಇಬ್ಬರೂ ಸೇರಿ ಎಣಿಸಿದೆವು. ಜೂನ್ 11ರಿಂದ 25ರವರೆಗೆ ಶೀತ, ಜ್ವರ, ಬಿಡದ ಕೆಮ್ಮು. ಜುಲೈ 3ರಿಂದ 7ರವರೆಗೆ ಭೇದಿ. ಜುಲೈ 18ರಿಂದ ಆಗಸ್ಟ್ 2ರವರೆಗೆ ಮತ್ತೆ ಶೀತ. ಆಗಸ್ಟ್ 22ರಿಂದ 29ರವರೆಗೆ ಕೈ, ಕಾಲು, ಬಾಯಿಯಲ್ಲೆಲ್ಲ ಗುಳ್ಳೆ. ಸೆಪ್ಟೆಂಬರ್ 9ರಿಂದ 22ರವರೆಗೆ ಶೀತ, ಕೊನೆಗೆ ಕಿವಿನೋವು. ಒಟ್ಟು 117 ದಿನಗಳಲ್ಲಿ 58 ದಿನ ಗುರುತು ಬಿದ್ದಿತ್ತು, 59 ದಿನ ಖಾಲಿಯಾಗಿತ್ತು. ಆಗಸ್ಟ್ 3ರಿಂದ 21ರವರೆಗೆ ಸತತ 19 ದಿನ ಮಗು ಆರೋಗ್ಯವಾಗಿತ್ತು. ಅವರು ಆ ಸಾಲುಗಳ ಮೇಲೆ ಬೆರಳಾಡಿಸಿ, "ಇದು ನನಗೆ ನೆನಪೇ ಇಲ್ಲ" ಎಂದರು. ಆ ದಿನಗಳಲ್ಲೂ ರಾತ್ರಿ ಮಗು ಒಮ್ಮೆ ಕೆಮ್ಮಿದರೆ ಸಾಕು, ಎದ್ದು ಕುಳಿತು ಹಣೆ ಮುಟ್ಟಿ ನೋಡುತ್ತಿದ್ದರಂತೆ.

ಆದರೆ ಸಂಖ್ಯೆ ತೋರಿಸಿ "ನೋಡಿ, ಅರ್ಧದಷ್ಟು ದಿನ ಚೆನ್ನಾಗಿದ್ದಳಲ್ಲ" ಎಂದರೆ ನನ್ನ ಮೊದಲ ತಪ್ಪೇ ಮರುಕಳಿಸುತ್ತಿತ್ತು. ಅರ್ಧದಷ್ಟು ದಿನ ಕಾಯಿಲೆಯೂ ಇತ್ತಲ್ಲ! ಹಾಗಾಗಿ ಬೇರೊಂದು ಲೆಕ್ಕ ಕೇಳಿದೆ: ಮಗು ಡೇ ಕೇರ್ ತಪ್ಪಿಸಿದ್ದು ಎಷ್ಟು ದಿನ, ಅಷ್ಟೂ ದಿನ ರಜೆ ಹಾಕಿದವರು ಯಾರು? ತಪ್ಪಿದ್ದು 19 ದಿನ. ಅದರಲ್ಲಿ 17 ಇವರ ರಜೆ, 2 ಗಂಡನದು. ಇದನ್ನು ಹೇಳುವಾಗ ಅವರ ಧ್ವನಿ ಬದಲಾಯಿತು.

ವೈದ್ಯಕೀಯ ನಿರ್ಣಯ ನನ್ನ ಕೆಲಸವಲ್ಲ. ಎರಡನೆಯ ಭೇಟಿಗೆ ಮೊದಲು ಮಕ್ಕಳ ತಜ್ಞರನ್ನು ಕಂಡು ಬರಬೇಕೆಂದೂ, "ಮಗುವಿಗೆ ಯಾಕೆ ಹೀಗೆ" ಎಂದು ಕೇಳುವ ಬದಲು "ರೋಗನಿರೋಧಕ ಶಕ್ತಿಯಲ್ಲಿ ದೋಷವಿದೆ ಎಂದು ನೀವು ಯಾವಾಗ ಅನುಮಾನಪಡುತ್ತೀರಿ, ಆ ಲಕ್ಷಣಗಳು ಇವಳಲ್ಲಿ ಇವೆಯೇ" ಎಂದು ಕೇಳಬೇಕೆಂದೂ ತಿಳಿಸಿದೆ. ವೈದ್ಯರು ಕೊಟ್ಟ ಉತ್ತರವನ್ನು ಅವರು ಬರೆದು ತಂದಿದ್ದರು: ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಬಾರಿ ಕಿವಿಯ ಸೋಂಕು, ತೂಕ ಏರದಿರುವುದು, ಸೋಂಕು ವಾಸಿಯಾಗಲು ರಕ್ತನಾಳದ ಮೂಲಕವೇ ಆಂಟಿಬಯೋಟಿಕ್ ಬೇಕಾಗುವುದು. ಇವುಗಳಲ್ಲಿ ಯಾವುದೂ ಇರಲಿಲ್ಲ. ಜೂನ್‌ನಲ್ಲಿ 9.2 ಕಿಲೋ ಇದ್ದ ಮಗು ಈಗ 9.9 ಕಿಲೋ ಇತ್ತು. ಬರೇ ಶೀತ ತರುವ ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದರ ಪರಿಚಯ ದೇಹಕ್ಕೆ ಆಯಿತೆಂದರೆ ಇನ್ನೊಂದನ್ನು ತಡೆಯುತ್ತದೆಂಬ ಖಾತರಿಯಿಲ್ಲ. ಮನೆಯಲ್ಲಿ ನಾಲ್ಕು ಜನರ ನಡುವೆ ಬೆಳೆದ ಮಗು ಒಮ್ಮೆಲೇ ಹದಿನೈದು ಮಕ್ಕಳ ನಡುವೆ ಕುಳಿತು, ಅವರು ಬಾಯಿಗಿಟ್ಟ ಆಟಿಕೆಯನ್ನೇ ತಾನೂ ಬಾಯಿಗಿಡುತ್ತದೆ. ಅದರ ಮೇಲೆ ನಮ್ಮ ಕರಾವಳಿಯ ಜೂನ್-ಜುಲೈ: ಎರಚಲು ಒಳಬರಬಾರದೆಂದು ಕಿಟಕಿ ಮುಚ್ಚಿರುತ್ತದೆ, ಒಣಗದ ಬಟ್ಟೆ ಕೋಣೆಯೊಳಗೇ ತೂಗುತ್ತಿರುತ್ತದೆ, ಮಕ್ಕಳು ದಿನವಿಡೀ ಒಳಗೇ ಇರುತ್ತಾರೆ. ಶೀತ ತರುವುದು ಮಳೆಯಲ್ಲ, ಮುಚ್ಚಿದ ಕೋಣೆ.

ಅಮೆರಿಕದ ಟಕ್ಸಾನ್ ನಗರದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೊಡ್ಡ ಡೇ ಕೇರ್‌ಗೆ ಹೋಗಿದ್ದ ಮಕ್ಕಳಿಗೆ ಎರಡು ವರ್ಷದ ವಯಸ್ಸಿನಲ್ಲಿ ಶೀತ ಹೆಚ್ಚು ಬಂದರೂ, ಶಾಲೆಯ ಮೊದಲ ವರ್ಷಗಳಲ್ಲಿ ಉಳಿದವರಿಗಿಂತ ಕಡಿಮೆ ಬಂತು. 13ನೇ ವಯಸ್ಸಿನ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ಇದನ್ನು ಅವರಿಗೆ ಹೇಳಿದೆ, ಆದರೆ ಸಾಂತ್ವನವೆಂದು ಹೇಳಲಿಲ್ಲ. ಮುಂದೆ ಕಡಿಮೆಯಾಗುತ್ತದೆಂಬ ಮಾತು ನಾಳೆಯ ರಜೆಯ ಅರ್ಜಿಯನ್ನು ಬರೆದುಕೊಡುವುದಿಲ್ಲ.

ಎರಡನೆಯ ಭೇಟಿಯಲ್ಲಿ, ನನ್ನ ಮಟ್ಟಿಗೆ ಈ ಪ್ರಕರಣದ ತಿರುಳಾದ ವಿಷಯ ಹೊರಬಂತು. ಸೆಪ್ಟೆಂಬರ್ 11ರ ಬೆಳಿಗ್ಗೆ ಮಗುವಿನ ಮೈ ಬಿಸಿಯಾಗಿತ್ತು. ಆಫೀಸಿನಲ್ಲಿ ಲೆಕ್ಕಪರಿಶೋಧಕರು ಬರುವ ದಿನ. ಗಂಡ ಆರು ಗಂಟೆಗೇ ಹೊರಟಾಗಿತ್ತು. ಏಳಕ್ಕೆ ಪ್ಯಾರಸಿಟಮಾಲ್ ಹಾಕಿದರು, ಎಂಟೂವರೆಯ ಹೊತ್ತಿಗೆ ಮೈ ತಣ್ಣಗಾಯಿತು, ಟೀಚರ್‌ಗೆ ಏನೂ ಹೇಳದೆ ಬಿಟ್ಟು ಬಂದರು. ಹನ್ನೊಂದೂವರೆಗೆ ಫೋನ್ ಬಂತು. "ಟೀಚರ್ ಬೈಯಲಿಲ್ಲ ಮೇಡಂ. ಮಗುವಿನ ಬೆನ್ನು ಸವರುತ್ತಾ 'ಬೆಳಿಗ್ಗೆ ಚೆನ್ನಾಗಿದ್ದಳಲ್ಲ' ಅಂದರು. ಹೌದು ಅಂದೆ." ಇದನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಕೆಲಸ ಬಿಡಬೇಕೇ ಎಂಬ ಪ್ರಶ್ನೆ ಹುಟ್ಟಿದ್ದು ಆ ದಿನ.

ನಾನು ಅವರನ್ನು ಕ್ಷಮಿಸುವ ಸ್ಥಾನದಲ್ಲೂ ಇರಲಿಲ್ಲ, ಗದರಿಸುವ ಸ್ಥಾನದಲ್ಲೂ ಇರಲಿಲ್ಲ. ಮಾಡಿದ್ದು ಸರಿಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಸರಿ ಎಂದು ಒಪ್ಪಿಸುವುದು ಅವರ ವಿವೇಕಕ್ಕೆ ಮಾಡುವ ಅವಮಾನ. ಇಷ್ಟು ಮಾತ್ರ ಹೇಳಿದೆ: ನಿಮ್ಮ ಮಗುವಿಗೆ ಆ ಗುಳ್ಳೆ ಬಂದದ್ದೂ ಬಹುಶಃ ಇನ್ನಾರದೋ ಮನೆಯ ಇಂಥದೇ ಒಂದು ಬೆಳಿಗ್ಗೆಯಿಂದ, ಆ ತಾಯಿಯನ್ನು ನೀವು ಕೆಟ್ಟವಳೆನ್ನುವಿರಾ? ಅವರು ಬಹಳ ಹೊತ್ತು ಅತ್ತರು. ನಿದ್ದೆ, ಊಟ, ಬದುಕೇ ಬೇಡವೆನ್ನಿಸುವ ಯೋಚನೆಗಳ ಬಗ್ಗೆ ನಾನು ನೇರವಾಗಿಯೇ ಕೇಳಿದೆ. ಅಂಥ ಯೋಚನೆ ಇರಲಿಲ್ಲ, ಇದ್ದದ್ದು ತೀರದ ದಣಿವು. ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಹೊತ್ತಲ್ಲದ ಹೊತ್ತಿಗೆ ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆಗಲೂ ಬರೆದುಕೊಟ್ಟೆ.

ಮೂರನೆಯ ಭೇಟಿಗೆ ಗಂಡನನ್ನು ಕರೆಸಿದೆ. ಸಭ್ಯ ಮನುಷ್ಯ, ಮಗುವಿನ ಮೇಲೆ ಪ್ರಾಣ. "ನನಗೆ ರಜೆ ಸಿಗುವುದಿಲ್ಲ ಮೇಡಂ" ಎಂದರು. ಎಷ್ಟು ಸಲ ಕೇಳಿದ್ದೀರಿ ಎಂದೆ. ಹೆಂಡತಿಯ ಮುಖ ನೋಡಿದರು, ಉತ್ತರಿಸಲಿಲ್ಲ. ಕೇಳಿಯೇ ಇರಲಿಲ್ಲ. ಈ ಮೌನವನ್ನು ನಾನು ಅನೇಕ ಗಂಡಂದಿರಲ್ಲಿ ಕಂಡಿದ್ದೇನೆ. ಅದರಲ್ಲಿ ದುರುದ್ದೇಶವಿರುವುದು ಅಪರೂಪ. ಕಾಯಿಲೆ ಮಗುವಿನ ರಜೆ ತಾಯಿಯದ್ದೇ ಎಂದು ಮನೆಯಲ್ಲಿ ಯಾರೂ ತೀರ್ಮಾನಿಸಿರುವುದಿಲ್ಲ, ಆದರೂ ಹಾಗೆಯೇ ನಡೆದುಕೊಂಡು ಬಂದಿರುತ್ತದೆ. ಅಂದು ಆದ ಒಪ್ಪಂದ ಸರಳ: ಕಾಯಿಲೆಯ ಮೊದಲ ದಿನ ಯಾರು ಊರಲ್ಲಿದ್ದಾರೋ ಅವರ ರಜೆ, ಎರಡನೆಯ ದಿನ ಇನ್ನೊಬ್ಬರದು, ಹಾಗೆಯೇ ಸರದಿ. ರಾತ್ರಿಯನ್ನೂ ಹಂಚಿಕೊಳ್ಳಬೇಕು, ಎರಡು ಗಂಟೆಯವರೆಗೆ ಒಬ್ಬರು, ಅನಂತರ ಇನ್ನೊಬ್ಬರು, ಮಲಗುವವರು ಬೇರೆ ಕೋಣೆಯಲ್ಲಿ. ಕ್ಯಾಲೆಂಡರಿನಲ್ಲಿ ಇನ್ನು ಮುಂದೆ ಗುರುತು ಹಾಕುವವರು ಗಂಡ.

ಅತ್ತೆಯ ವಿಷಯ ಬಾರದೆ ಇರಲಿಲ್ಲ. ಅವರು ಕಾಪು ಸಮೀಪದ ಊರಿನಲ್ಲಿ ತೋಟ, ಎರಡು ದನ ನೋಡಿಕೊಂಡು ಇರುವವರು. ಮಗುವಿಗೆ ಹುಷಾರಿಲ್ಲವೆಂದಾಗಲೆಲ್ಲ ಫೋನಿನಲ್ಲಿ ತುಳುವಿನಲ್ಲಿ, ಆಟಿ ತಿಂಗಳ (ಜುಲೈ-ಆಗಸ್ಟ್‌ನ) ಮಳೆಗೆ ಯಾರಾದರೂ ಎಳೆ ಮಗುವನ್ನು ಹೊರಗೆ ಬಿಡುತ್ತಾರಾ ಎಂದು ಕೇಳುತ್ತಿದ್ದರು. ಆಟಿ ಅಮಾವಾಸ್ಯೆಯಂದು ಹಾಲೆ ಮರದ ಕೆತ್ತೆಯ ಕಷಾಯವನ್ನು ಮಗುವಿಗೂ ಒಂದು ಚಮಚ ಕೊಡಬೇಕೆಂದು ಪಟ್ಟು ಹಿಡಿದಿದ್ದರಂತೆ. ಸೊಸೆ ಕೊಡಲಿಲ್ಲ; ಸರಿಯಾಗಿಯೇ ಮಾಡಿದರು. ಆದರೆ ಆ ಹಿರಿಯರನ್ನು ಈ ಕಥೆಯ ಖಳರನ್ನಾಗಿಸಲು ನನಗೆ ಮನಸ್ಸಿಲ್ಲ. ದನ ಬಿಟ್ಟು ಬರಲಾಗದ, ಮಂಡಿನೋವಿನ ಹೆಂಗಸಿಗೆ ದೂರದಿಂದ ಮಾಡಲು ಉಳಿದದ್ದು ಕೇಳುವುದು ಮಾತ್ರ. ಅವರಿಗೊಂದು ಕೆಲಸ ಕೊಡಿ ಎಂದೆ: ಶೀತವಾದಾಗ ಕುಡಿಸುವ ಕುಚ್ಚಲಕ್ಕಿ ಗಂಜಿಯ ತಿಳಿ ಅವರ ಅಳತೆಯಲ್ಲೇ ಆಗಲಿ. ಕೆಮ್ಮಿಗೆ ಅವರು ಹೇಳುವ ಜೇನಿಗೂ, ವರ್ಷ ತುಂಬಿದ ಮಗುವಾದ್ದರಿಂದ, ಅರ್ಧ ಚಮಚದ ಮಟ್ಟಿಗೆ ವೈದ್ಯರ ಅಡ್ಡಿಯಿರಲಿಲ್ಲ.

ಮದ್ದಿನ ವಿಚಾರದಲ್ಲಿ ಮಾತ್ರ ನಾನು ಕಟ್ಟುನಿಟ್ಟಾದೆ, ಏಕೆಂದರೆ ಆ ಮನೆಯಲ್ಲಿ ಒಂದು ಅವಘಡ ಕೂದಲೆಳೆಯಲ್ಲಿ ತಪ್ಪಿತ್ತು. ಅವರ ಫ್ರಿಜ್ ಬಾಗಿಲಲ್ಲಿ ಪ್ಯಾರಸಿಟಮಾಲ್‌ನ ಎರಡು ಬಾಟಲಿಗಳಿದ್ದವು. ಒಂದು ಹನಿಮದ್ದು, ಅದರಲ್ಲಿ 1 ಮಿಲಿಗೆ 100 ಮಿಲಿಗ್ರಾಂ. ಇನ್ನೊಂದು ಸಿರಪ್, 5 ಮಿಲಿಗೆ 125 ಮಿಲಿಗ್ರಾಂ. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ ಗಂಡ ಹನಿಮದ್ದನ್ನು ಸಿರಪ್‌ನ ಮುಚ್ಚಳದಲ್ಲಿ 5 ಮಿಲಿಯ ಗೆರೆಯವರೆಗೆ ಸುರಿದಿದ್ದರು. ಹಾಗೆಯೇ ಕುಡಿಸಿದ್ದರೆ 500 ಮಿಲಿಗ್ರಾಂ ಹೋಗುತ್ತಿತ್ತು. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಈ ಮಗುವಿಗೆ ಸಲ್ಲುವುದು 100ರಿಂದ 150. ಬಣ್ಣ ಬೇರೆಯಾಗಿ ಕಂಡದ್ದರಿಂದ ತಾಯಿ ತಡೆದಿದ್ದರು. ಒಂದೇ ಬಾಟಲಿ ಇಟ್ಟುಕೊಳ್ಳಿ, ಈಗಿನ ತೂಕಕ್ಕೆ ಎಷ್ಟು ಮಿಲಿ ಎಂದು ವೈದ್ಯರಿಂದಲೇ ಬರೆಸಿ ಅದಕ್ಕೆ ಅಂಟಿಸಿ, ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ ಎಂದೆ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಚೆಲ್ಲಬೇಕು. ವೈರಸ್‌ನ ಶೀತಕ್ಕೆ ಅದು ಕೆಲಸಕ್ಕೂ ಬಾರದು. ಅಂಗಡಿಯಲ್ಲಿ ಕೇಳಿ ತರುವ ಕೆಮ್ಮಿನ ಸಿರಪ್ ಈ ವಯಸ್ಸಿಗೆ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧಗಳನ್ನು ಬರೆದುಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೇ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ರಾತ್ರಿಯ ಗಾಬರಿಗೆ ಮುಖ್ಯ ಕಾರಣ, ಯಾವುದಕ್ಕೆ ಓಡಬೇಕು, ಯಾವುದಕ್ಕೆ ಬೆಳಗಾಗುವವರೆಗೆ ಕಾಯಬಹುದು ಎಂಬ ಗೆರೆ ಇಲ್ಲದಿರುವುದು. ವೈದ್ಯರಲ್ಲಿ ಕೇಳಿ ಆ ಗೆರೆಯನ್ನು ಒಂದು ಹಾಳೆಯಲ್ಲಿ ಬರೆಸಿದೆವು. ಮಗು ಅಳದೆ ಶಾಂತವಾಗಿರುವಾಗ ನಿಮಿಷಕ್ಕೆ 40 ಅಥವಾ ಹೆಚ್ಚು ಉಸಿರು, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಗೆ ಸೆಳೆಯುವುದು, ಏನನ್ನೂ ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್: ಇವಕ್ಕೆ ಆ ಕ್ಷಣವೇ ಆಸ್ಪತ್ರೆ. ಆರೆಂಟು ಗಂಟೆ ಮೂತ್ರವಾಗದಿದ್ದರೆ ಅಥವಾ ಜ್ವರ ಮೂರು ದಿನ ದಾಟಿದರೆ ಅದೇ ದಿನ ವೈದ್ಯರು. ಮಂಗಳೂರಿನವರಾದ್ದರಿಂದ ಇನ್ನೊಂದು ಸಾಲು ಸೇರಿತು: ಮೂಗು ಸುರಿಯದೆ, ಕೆಮ್ಮಿಲ್ಲದೆ ಬರೀ ಜ್ವರ ಬಂದರೆ, ಅದರಲ್ಲೂ ನಡುಕವಿದ್ದರೆ, ಡೇ ಕೇರ್‌ನದ್ದೇ ಎಂದು ಕೂರದೆ ಮಲೇರಿಯಾ, ಡೆಂಗಿಗೆ ರಕ್ತಪರೀಕ್ಷೆ ಮಾಡಿಸಬೇಕು. ಇವು ಯಾವುದೂ ಇಲ್ಲದ ಕೆಮ್ಮು ಎರಡು-ಮೂರು ವಾರ ಎಳೆದರೂ ರಾತ್ರಿ ಆಟೋ ಹುಡುಕುವ ಅಗತ್ಯವಿಲ್ಲ.

ಡೇ ಕೇರ್ ಬದಲಿಸಬೇಕೇ ಎಂಬ ಪ್ರಶ್ನೆಗೆ, ಬೇಡ, ಮೊದಲು ಮಾತಾಡಿ ಎಂದೆ. ಡೈಪರ್ ಬದಲಿಸಿದ ಮೇಲೆ, ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯುವ ಕ್ರಮವಿದೆಯೇ, ಬಾಯಿಗಿಟ್ಟ ಆಟಿಕೆಯನ್ನು ಎತ್ತಿಡುತ್ತಾರೆಯೇ, ಮಳೆ ನಿಂತಾಗ ಕಿಟಕಿ ತೆರೆಯುತ್ತಾರೆಯೇ ಎಂದು ಕೇಳಬಹುದು, ದೂರುವ ಧಾಟಿ ಬೇಡ. ಮನೆಗೆ ಬಂದ ಕೂಡಲೇ ಮಗುವಿನ ಕೈಮುಖ ತೊಳೆಸಿ ಬಟ್ಟೆ ಬದಲಿಸುವುದು ಸುಲಭದ ಕೆಲಸ. ಮದ್ದಿಲ್ಲದೆ 24 ಗಂಟೆ ಜ್ವರವಿಲ್ಲದಿದ್ದರೆ ಮಾತ್ರ ಕಳುಹಿಸುವುದು ಎಂಬ ನಿಯಮವನ್ನು ತಾಯಿಯೇ ಟೀಚರ್ ಮುಂದಿಟ್ಟರು. ಸೆಪ್ಟೆಂಬರ್ 11ರ ವಿಷಯವನ್ನೂ ಅವತ್ತೇ ಹೇಳಿಬಿಟ್ಟರಂತೆ. ಕೆಲಸ ಬಿಡುವ ಮಾತನ್ನು ಮಾರ್ಚ್‌ವರೆಗೆ ತೆಗೆಯುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದಾರೆ. ಇವರ ರಜೆಯೆಲ್ಲ ಮುಗಿದಿರುವುದರಿಂದ ಇನ್ನು ಹಾಕುವುದಕ್ಕೆ ಸಂಬಳ ಕಡಿತವಾಗುತ್ತದೆ. ಅದಕ್ಕೆ ನನ್ನ ಬಳಿ ಪರಿಹಾರವಿರಲಿಲ್ಲ, ವಾರಕ್ಕೊಂದು ದಿನ ಮನೆಯಿಂದ ಕೆಲಸ ಮಾಡಲು ಲಿಖಿತವಾಗಿ ಕೇಳಿ ನೋಡಿ ಎಂದಷ್ಟೇ ಹೇಳಿದೆ.

ನವೆಂಬರ್‌ನಲ್ಲಿ ನಿಗದಿಯಾಗಿದ್ದ ನಾಲ್ಕನೆಯ ಭೇಟಿ ನಡೆಯಲಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ತಪ್ಪಿಸಿದವರು ಗಂಡ: ಮಗುವಿಗೆ ರಾತ್ರಿಯಿಂದ 101 ಡಿಗ್ರಿ ಜ್ವರ, ಮೂಗು ಸುರಿಯುತ್ತಿದೆ, ಉಸಿರು 32 ಎಣಿಸಿದ್ದೇನೆ, ಗಂಜಿ ತಿಳಿ ಕುಡಿದಳು, ಹೆಂಡತಿ ಆಫೀಸಿಗೆ ಹೋಗಿದ್ದಾರೆ. ಮುಂದಿನ ಗುರುವಾರಕ್ಕೆ ಸಮಯ ಕೊಟ್ಟಿದ್ದೇನೆ.