ಬೆಲೆ ತೆಗೆದು ಇನ್ನೊಮ್ಮೆ ಬರೆಯಿರಿ

ವಿರಾಜಪೇಟೆಯ ಗೆಳೆಯರಿಗೆ ನಮಸ್ಕಾರ.

ಹಾಡು ಕೇಳುವ ಸಾಧನಗಳ ಬಗ್ಗೆ ನೀವು ಬರೆದ ಲೇಖನ ‘ಕೇಳಿದವರೇ ಬಲ್ಲರು’ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ನಾನು ಪತ್ರಿಕೆಯಲ್ಲಿ ಹಾಕುವುದಿಲ್ಲ. ನಿಮ್ಮನ್ನು ಕಾಯಿಸಬಾರದು ಅಂತ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಇಷ್ಟುದ್ದದ ಪತ್ರ ಬರೆಯುತ್ತಿರುವುದು ಅದಕ್ಕೇ.

ನೀವು ಹೇಳುವುದು ಇಷ್ಟು. ಹದಿನೈದು ವರ್ಷದಲ್ಲಿ ಆಂಪ್ಲಿಫೈಯರ್, ಸ್ಪೀಕರ್, ವೈರ್ ಎಲ್ಲ ಸೇರಿ ಹನ್ನೆರಡು ಲಕ್ಷ ಹಾಕಿದ್ದೀರಿ. ಹೋದ ವರ್ಷ 40 ಸಾವಿರದ ಸ್ಪೀಕರ್ ವೈರ್ ತಂದಿರಿ. ಅದನ್ನು ಹಾಕಿದ ಸಂಜೆ ‘ಹಾಡಿನ ಮುಂದಿದ್ದ ಪರದೆ ಸರಿಯಿತು’. ಗೋಣಿಕೊಪ್ಪದ ರಿಪೇರಿ ಅಂಗಡಿಯ ಹುಡುಗನಿಗೆ ಇದನ್ನು ಹೇಳಿದಾಗ ಅವನು, ‘ವೈರ್ ದಪ್ಪ ಇದ್ರೆ ಸಾಕು ಸಾರ್, ಬೇರೇನೂ ವ್ಯತ್ಯಾಸ ಬರಲ್ಲ’ ಎಂದ. ಒಂದು ಲಕ್ಷದ ಆಂಪ್ಲಿಫೈಯರ್ ಮನೆಯಲ್ಲಿಟ್ಟು ಕೇಳದವನ ಮಾತಿಗೆ ತೂಕವಿಲ್ಲ ಅಂತ ನೀವು ತೀರ್ಮಾನ ಮಾಡಿದಿರಿ. ಉಳಿದ ನಾಲ್ಕು ಪುಟವೆಲ್ಲ ಆ ತೀರ್ಮಾನದ ಮೇಲೇ ನಿಂತಿದೆ.

ನನಗೆ ಬೇಸರವಾದದ್ದು ಅಲ್ಲೇ. ಆ ಹುಡುಗ ಹೇಳಿದ್ದು ಪರೀಕ್ಷೆ ಮಾಡಿ ನೋಡಬಹುದಾದ ಮಾತು. ನೀವು ಮಾತನ್ನು ಬಿಟ್ಟು ಅವನ ಜೇಬು ನೋಡಿದಿರಿ.

ಅವನ ಮಾತನ್ನೇ ಲೆಕ್ಕ ಹಾಕೋಣ. ಮನೆಯ ಪವರ್ ಪ್ಲಗ್‌ಗೆ ಎಳೆಯುವ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ತಗೊಳ್ಳಿ. ಒಂದು ಮೀಟರಿಗೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 0.007 ಓಮ್. ಸ್ಪೀಕರ್ ಮೂರು ಮೀಟರ್ ದೂರ ಇದ್ದರೆ ಹೋಗಿ ಬರಲು ಆರು ಮೀಟರ್, ಅಂದರೆ 0.04 ಓಮ್. ನಿಮ್ಮ ಸ್ಪೀಕರ್ 8 ಓಮ್. ಆಂಪ್ಲಿಫೈಯರ್ ಕೊಡುವ ವೋಲ್ಟೇಜಿನಲ್ಲಿ ಆ ವೈರ್ ತಿನ್ನುವುದು ಶೇಕಡಾ ಅರ್ಧದಷ್ಟು (0.5) ಮಾತ್ರ. ಅಷ್ಟು ಸಣ್ಣ ಇಳಿತವನ್ನು ಹಾಡಿನಲ್ಲಿ ಗುರುತಿಸುವುದು ಯಾರಿಗೂ ಸುಲಭವಲ್ಲ. ಅದರ ಬದಲು ಕೂದಲಿನಂಥ ತೆಳು ವೈರನ್ನು ಇಪ್ಪತ್ತು ಮೀಟರ್ ಎಳೆದರೆ ಆಗ ವ್ಯತ್ಯಾಸ ಕೇಳಿಸಬಹುದು. ಅದಕ್ಕೆ ಕಾರಣ ವೈರಿನ ದಪ್ಪ ಮತ್ತು ಉದ್ದ, ರಸೀದಿಯ ಮೇಲಿನ ಮೊತ್ತ ಅಲ್ಲ. ಹುಡುಗ ‘ದಪ್ಪ ಇದ್ರೆ ಸಾಕು’ ಎಂದದ್ದು ಇದನ್ನೇ. ಹನ್ನೆರಡು ಲಕ್ಷ ಖರ್ಚು ಮಾಡಿದವರು ಹೇಳಿದರೂ ಈ ಲೆಕ್ಕ ಬದಲಾಗುವುದಿಲ್ಲ, ಅಲ್ವಾ?

ಹಾಗಂತ ನಿಮ್ಮ ಹದಿನೈದು ವರ್ಷ ಸುಮ್ನೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಸ್ಪೀಕರ್‌ಗಳ ಬಗ್ಗೆ ನೀವು ಬರೆದ ಎರಡು ಪ್ಯಾರಾ ನಿಜವಾಗಿಯೂ ಚೆನ್ನಾಗಿವೆ. ಸ್ಪೀಕರ್‌ಗಳ ನಡುವೆ ವ್ಯತ್ಯಾಸ ಬಹಳ ದೊಡ್ಡದು, ಅದನ್ನು ಯಾರು ಬೇಕಾದರೂ ಕೇಳಬಹುದು. ದುಡಿ ಎಂಬ ಸಣ್ಣ ಚರ್ಮವಾದ್ಯದ ಮೇಲೆ ಪೆಟ್ಟು ಬಿದ್ದ ಕ್ಷಣ, ಆಮೇಲೆ ಉಳಿಯುವ ಗುಂಯ್ ಶಬ್ದ, ಎರಡೂ ಬೇರೆಬೇರೆಯಾಗಿ ಕೇಳಬೇಕು ಅಂತ ಬರೆದಿದ್ದೀರಿ. ಸಣ್ಣ ಸ್ಪೀಕರಿನಲ್ಲಿ ಎರಡೂ ಕಲಸಿಹೋಗಿತ್ತು ಎಂದಿದ್ದೀರಿ. ಅದನ್ನು ಬರೆಯಲು ಒಳ್ಳೆಯ ಸ್ಪೀಕರ್ ಕೇಳಿರಬೇಕು, ಮದುವೆ ಮನೆಯಲ್ಲಿ ದುಡಿಯ ಹತ್ತಿರ ನಿಂತೂ ಇರಬೇಕು. ಎರಡನೆಯದಕ್ಕೆ ದುಡ್ಡು ಬೇಕಿಲ್ಲ. ಒಳ್ಳೆಯ ಸಾಧನ ಎದುರಿಗಿದ್ದರೆ ಏನನ್ನು ಹುಡುಕಬೇಕು ಅಂತ ಕಿವಿ ಕಲಿಯುತ್ತದೆ, ಅದು ನಿಜ. ಏನೂ ಕೇಳದೆ ‘ಎಲ್ಲ ಒಂದೇ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಆದರೆ ಕಿವಿ ಕಲಿತದ್ದು ಹೇಗೆ ಗೊತ್ತಾಗಬೇಕು? ಇದಕ್ಕೆ ಉತ್ತರ ನಿಮ್ಮ ಹತ್ತಿರವೇ ಇದೆ. ಮೂರನೇ ಪುಟದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ಪಿಂಗ್ ಮಾಡುವವನಾದ್ದರಿಂದ ಸೂಕ್ಷ್ಮ ನನಗೆ ಗೊತ್ತು.’ ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು! ನಾನು ಓದಬೇಕಿದ್ದದ್ದು ಅದನ್ನೇ.

ಕ್ಯೂರಿಂಗ್ ವರ್ಕ್ಸ್ ಅಂದರೆ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆ. ಅಲ್ಲಿ ಕಾಫಿಯ ರುಚಿ ನೋಡಿ ಗುಣ ಅಳೆಯುವ ಕೆಲಸ, ಅಂದರೆ ಕಪ್ಪಿಂಗ್, ನಾನೂ ನೋಡಿದ್ದೇನೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿಯ ಲೆಕ್ಕ. ಎಲ್ಲ ಬಟ್ಟಲಿಗೂ ಒಂದೇ ಅಳತೆ, ಒಂದೇ ಬಿಸಿ. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ಮೂಸುತ್ತಾರೆ. ಆಮೇಲೆ ಸುರ್ರೆಂದು ಎಳೆದು ರುಚಿ ನೋಡಿ ಉಗುಳುತ್ತಾರೆ. ಬಟ್ಟಲಿನ ಮೇಲೆ ಇರುವುದು ನಂಬರ್ ಮಾತ್ರ. ಯಾವ ತೋಟದ್ದು, ಯಾರ ಮನೆಯದ್ದು, ಏನು ರೇಟು, ಒಂದೂ ಗೊತ್ತಿರುವುದಿಲ್ಲ. ಒಂದೇ ಸ್ಯಾಂಪಲ್ಲಿಗೆ ಐದು ಬಟ್ಟಲು ಇಡುವುದೂ ಉಂಟು. ನೀವು ಯಾಕೆ ಹೀಗೆ ಮಾಡುತ್ತೀರಿ? ದೊಡ್ಡ ಎಸ್ಟೇಟಿನ ಹೆಸರು ಕಂಡರೆ ನಾಲಿಗೆ ಮೊದಲೇ ತಲೆ ಆಡಿಸುತ್ತದೆ ಅಂತ ನಿಮಗೆ ಗೊತ್ತು. ಎರಡು ಎಕರೆ ಬೆಳೆಗಾರನ ಕಾಫಿಗೂ ಅದೇ ನ್ಯಾಯ ಸಿಗಬೇಕು ಅಂತಲೂ ಗೊತ್ತು. ಕೆಲಸದ ಮೇಜಿನಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನೀವು ಮನೆಗೆ ಬಂದು ವೈರನ್ನು ನೀವೇ ತಂದು, ಬೆಲೆ ಗೊತ್ತಿದ್ದು, ಕಣ್ಣು ಬಿಟ್ಟುಕೊಂಡು ಕೇಳಿ ತೀರ್ಪು ಕೊಟ್ಟಿರಿ. ಆ ಹುಡುಗ ಎರಡು ಎಕರೆ ಬೆಳೆಗಾರ ಅಂದುಕೊಳ್ಳಿ. ಅವನ ಬಟ್ಟಲಿಗೆ ನೀವು ನಂಬರ್ ಹಾಕಲಿಲ್ಲ.

ಶಬ್ದದ ವಿಷಯದಲ್ಲೂ ಈ ಕೆಲಸ ಮಾಡಿದವರಿದ್ದಾರೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಓಲಿವ್ ಎಂಬಿಬ್ಬರು ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯಲ್ಲಿದ್ದಾಗ, ಅಲ್ಲಿನ ನೌಕರರಲ್ಲೇ 40 ಜನರನ್ನು ಕೂರಿಸಿ ಸ್ಪೀಕರ್ ಕೇಳಿಸಿದರು. ಒಮ್ಮೆ ಪರದೆಯ ಹಿಂದೆ ಇಟ್ಟು, ಇನ್ನೊಮ್ಮೆ ಕಣ್ಣೆದುರು ಇಟ್ಟು. ಅದನ್ನು 1994ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಂಡ ಕೂಡಲೇ ದೊಡ್ಡ, ಚೆಂದದ, ದುಬಾರಿ ಸ್ಪೀಕರುಗಳ ಅಂಕ ಏರಿತು. ಕಾಣದಿದ್ದಾಗ ಒಳ್ಳೆಯ ಅಂಕ ಪಡೆದಿದ್ದ ಅಗ್ಗದ, ಸಣ್ಣ ಸೆಟ್ಟಿನ ಅಂಕ ಇಳಿಯಿತು. ಅನುಭವ ಇದ್ದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಓಲಿವ್ 2003ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು, ಇದು ನಿಮ್ಮ ಪರವಾಗಿಯೂ ಇದೆ. ಕೇಳುವ ತರಬೇತಿ ಪಡೆದವರು ಸ್ಪೀಕರುಗಳ ನಡುವಿನ ವ್ಯತ್ಯಾಸವನ್ನು ಬೇರೆಯವರಿಗಿಂತ ಹೆಚ್ಚು ಸ್ಪಷ್ಟವಾಗಿ, ಪ್ರತಿಸಲವೂ ಒಂದೇ ರೀತಿ ಗುರುತಿಸಿದರು. ಆದರೆ ಯಾವುದು ಒಳ್ಳೆಯದು ಎಂಬ ಕ್ರಮದಲ್ಲಿ ಪಳಗಿದವರೂ ಪಳಗದವರೂ ಹೆಚ್ಚುಕಡಿಮೆ ಒಂದೇ ಕಡೆ ಇದ್ದರು. ತರಬೇತಿಗೆ ಬೆಲೆ ಇದೆ ಅನ್ನುವುದಕ್ಕೆ ಇದು ಸಾಕ್ಷಿ. ನಿಮ್ಮ ಲೇಖನದಲ್ಲಿ ತರಬೇತಿಯೂ ಖರ್ಚೂ ಒಂದೇ ಆಗಿಹೋಗಿವೆ.

ನಾನೂ ಈ ತಪ್ಪು ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಆಂಪ್ಲಿಫೈಯರ್ ಎರವಲು ತಂದು, ಮನೆಯ ಹಳೆಯದಕ್ಕಿಂತ ‘ಜೀವಂತವಾಗಿದೆ’ ಅಂತ ಬರೆದೆ. ಎರಡರ ವಾಲ್ಯೂಮ್ ಸಮ ಮಾಡಿರಲಿಲ್ಲ. ಆಮೇಲೆ ಮೀಟರ್ ಹಿಡಿದು ನೋಡಿದರೆ ಹೊಸದು ಒಂದು ಡೆಸಿಬೆಲ್ ಜಾಸ್ತಿ ಕೂಗುತ್ತಿತ್ತು. ಅಷ್ಟು ಸಣ್ಣ ಏರಿಕೆ ಜೋರು ಅಂತ ಅನಿಸುವುದಿಲ್ಲ, ಚೆನ್ನಾಗಿದೆ ಅಂತ ಅನಿಸುತ್ತದೆ. ಸಮ ಮಾಡಿದ ಮೇಲೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ನಾನು ಬರೆದದ್ದನ್ನು ನಂಬಿ ಒಬ್ಬ ಓದುಗರು ಆ ಆಂಪ್ಲಿಫೈಯರ್ ಕೊಂಡಿದ್ದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ 40 ಸಾವಿರದ ಸಾಲು ಓದಿದಾಗ ನನ್ನ ಕೈ ತಡೆದದ್ದು ಅದಕ್ಕೇ. ಕಾಫಿಗೆ ರೇಟು ಬಂದ ವರ್ಷ ಯಾರೋ ಒಬ್ಬರು ನಿಮ್ಮ ಮಾತು ನಂಬಿ ಅಷ್ಟು ದುಡ್ಡು ವೈರಿಗೆ ಹಾಕುತ್ತಾರೆ.

ಇನ್ನೊಂದು ಮಾತು, ಇದನ್ನು ಮೆಲ್ಲಗೆ ಹೇಳುತ್ತೇನೆ. ನಿಮಗೂ ನನಗೂ ಐವತ್ತು ದಾಟಿದೆ. ಮನುಷ್ಯರ ಕಿವಿಗೆ 20 ಹರ್ಟ್ಜ್‌ನಿಂದ 20 ಸಾವಿರ ಹರ್ಟ್ಜ್‌ವರೆಗೆ ಕೇಳುತ್ತದೆ ಅನ್ನುವುದು ಎಳೆ ಕಿವಿಯ ಲೆಕ್ಕ. ವಯಸ್ಸಾದ ಹಾಗೆ ಮೇಲಿನ ತುದಿ, ಅಂದರೆ ಕೀರಲು ದನಿಗಳ ಭಾಗ, ಮೊದಲು ಹೋಗುತ್ತದೆ. ತಾಳದ ಮಿನುಗು, ತಂತಿಯ ಸೂಕ್ಷ್ಮ ದನಿ ಅಂತೆಲ್ಲ ನೀವು ಬರೆದಿರುವ ಜಾಗದಲ್ಲಿ ಆ ಹುಡುಗನ ಕಿವಿ ನಮ್ಮಿಬ್ಬರಿಗಿಂತ ಮುಂದಿರುವ ಸಾಧ್ಯತೆಯೇ ಜಾಸ್ತಿ.

ಈಗ ಬರವಣಿಗೆಯ ವಿಷಯ. ಮೊದಲ ಪುಟದ ಬ್ರ್ಯಾಂಡ್ ಪಟ್ಟಿ, ಬೆಲೆ, ಎಲ್ಲ ತೆಗೆಯಿರಿ. ಅದು ಓದುಗರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ‘ಪರದೆ ಸರಿಯಿತು’ ಜಾಹೀರಾತಿನವರ ಮಾತು, ಅದೂ ಹೋಗಲಿ. ಅದರ ಬದಲು ಯಾವ ಹಾಡಿನ ಯಾವ ಜಾಗದಲ್ಲಿ ಏನು ಕೇಳಿತು ಅಂತ ಬರೆಯಿರಿ, ದುಡಿಯ ಬಗ್ಗೆ ಬರೆದ ಹಾಗೆ.

ನಿಮ್ಮ ಕೋಣೆಯ ಬಗ್ಗೆ ಒಂದಕ್ಷರವೂ ಇಲ್ಲ. ಸಿಮೆಂಟ್ ನೆಲವೋ, ಹಲಗೆಯ ಅಟ್ಟವೋ, ಕರ್ಟನ್ ಇದೆಯೋ? ನಾಲ್ಕು ಮೀಟರ್ ಉದ್ದದ ಕೋಣೆ 43 ಹರ್ಟ್ಜ್ ಸುತ್ತಮುತ್ತ ತಾನೇ ಗುಂಯ್‌ಗುಡುತ್ತದೆ. ಕುರ್ಚಿಯನ್ನು ಎರಡಡಿ ಸರಿಸಿದರೆ ತಗ್ಗು ದನಿ (ಬಾಸ್) ಬೇರೆಯೇ ಆಗಿ ಕೇಳುತ್ತದೆ. ವೈರ್ ಬದಲಿಸಿದಾಗ ನೀವು ಎದ್ದು ಹೋಗಿ, ಮತ್ತೆ ಬಂದು ಕೂತಿರಿ. ಅದೇ ಜಾಗದಲ್ಲಿ ಕೂತಿರಾ? ಅದೂ ಜುಲೈ ತಿಂಗಳ ಸಂಜೆ ಅಂತ ಬರೆದಿದ್ದೀರಿ. ನಮ್ಮ ಜುಲೈ ಮಳೆ ತಗಡಿನ ಮೇಲೆ ಬೀಳುವಾಗ ಹಾಡಿನ ಮೆಲುದನಿ ಅದರಲ್ಲೇ ಮುಳುಗಿರುತ್ತದೆ. ಅಂಥ ಹೊತ್ತಲ್ಲಿ ಸೂಕ್ಷ್ಮದ ಮಾತು ನಂಬುವುದು ನನಗೆ ಕಷ್ಟವಾಯಿತು.

ಹಾಗಾಗಿ ನನ್ನ ಕೋರಿಕೆ. ಮಳೆ ಪೂರ್ತಿ ಬಿಡಲಿ. ಆ ಹುಡುಗನನ್ನು ಮನೆಗೆ ಕರೆಯಿರಿ. ನಿಮ್ಮ ವೈರ್ ಒಂದು, ಅಂಗಡಿಯ 2.5 ವೈರ್ ಒಂದು. ವಾಲ್ಯೂಮ್ ಮುಟ್ಟಬೇಡಿ, ಕುರ್ಚಿ ಸರಿಸಬೇಡಿ. ಪ್ರತಿ ಸಲವೂ ಅವನು ನಾಣ್ಯ ಹಾರಿಸಿ, ಬಿದ್ದ ಪ್ರಕಾರ ವೈರ್ ಜೋಡಿಸಲಿ. ಬದಲಿಸದಿದ್ದರೂ ಬಿಚ್ಚಿ ಮತ್ತೆ ಹಾಕಲಿ. ನೀವು ಬೆನ್ನು ತಿರುಗಿಸಿ ಕೂತುಕೊಳ್ಳಿ, ಅವನು ಮಾತಾಡದಿರಲಿ. ಹತ್ತು ಸಲ ಮಾಡಿ, ಯಾವುದು ಅಂತ ಬರೆದಿಡಿ. ಹತ್ತರಲ್ಲಿ ಐದು ಬರೀ ಊಹೆಯಲ್ಲೇ ಸರಿ ಬರುತ್ತದೆ. ಒಂಬತ್ತೋ ಹತ್ತೋ ಸರಿ ಬಂದರೆ, ಅದು ಊಹೆಯಿಂದ ಆಗುವ ಸಾಧ್ಯತೆ ನೂರಕ್ಕೆ ಒಂದರಷ್ಟು ಮಾತ್ರ. ಆಗ ನನ್ನ ಲೆಕ್ಕದಲ್ಲೇ ಏನೋ ಬಿಟ್ಟುಹೋಗಿದೆ ಅಂತ ನಾನು ಒಪ್ಪಿ, ನಿಮ್ಮ ಲೇಖನವನ್ನು ಮುಖಪುಟಕ್ಕೇ ಹಾಕುತ್ತೇನೆ. ಐದಾರು ಬಂದರೂ ಬರೆಯಿರಿ, ಅದನ್ನೂ ಹಾಕುತ್ತೇನೆ. ಆಮೇಲೆ ಪಾತ್ರ ಬದಲಿಸಿ, ಅವನನ್ನು ಕೂರಿಸಿ ನೀವು ನಾಣ್ಯ ಹಾರಿಸಿ. ಅವನು ಏನು ಕೇಳಿದ ಅಂತ ಅವನದೇ ಮಾತಿನಲ್ಲಿ ಬರೆದುಕೊಳ್ಳಿ.

ಶುರು ಮಾತ್ರ ಕಪ್ಪಿಂಗ್ ಮೇಜಿನಿಂದ ಆಗಲಿ. ಹುತ್ತರಿ ಹಬ್ಬದ ಸಂಚಿಕೆಯಲ್ಲಿ ಮೂರು ಪುಟ ನಿಮಗಾಗಿ ಬಿಟ್ಟಿರುತ್ತೇನೆ. ನವೆಂಬರ್ 10ರ ಒಳಗೆ ಕಳಿಸಿ.

ನಿಮ್ಮ,
ಸಂಪಾದಕ
ಮಡಿಕೇರಿ